ತಗಡಿನ ಲೋಟ ತೆಗೆಸಿದ ಶಾಸಕ

ದೋಹಾಕ್ಕೆ ಬಂದ ಎರಡನೆಯ ವರ್ಷ ನಾನು ಒಬ್ಬ ಅಮೆರಿಕನ್ ಮುದುಕಿಗೆ ಪೇಪರ್ ಓದಿ ಹೇಳುವ ಕೆಲಸಕ್ಕೆ ಸೇರಿದೆ. ಊರಿನಲ್ಲಿ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿದ್ದವಳು, ಇಲ್ಲಿ ಗಂಡನ ವೀಸಾದಲ್ಲಿ ಬಂದು ಬಿನ್ ಮಹಮೂದ್ ಎಂಬ ಬಡಾವಣೆಯ ಫ್ಲ್ಯಾಟಿನಲ್ಲಿ ಕೂತಿದ್ದೆ. ಫ್ಲ್ಯಾಟ್ ಅಂದರೆ ಪೂರ್ತಿ ನಮ್ಮದಲ್ಲ. ಒಂದು ಕೋಣೆ ನಮಗೆ, ಇನ್ನೊಂದು ಉಡುಪಿ ಕಡೆಯ ಕ್ಯಾಥೊಲಿಕ್ ದಂಪತಿಗೆ, ಅಡುಗೆಮನೆ ಎರಡೂ ಸಂಸಾರಕ್ಕೆ. ಆ ಮನೆಯಾಕೆ ಒಂದು ಗ್ಯಾಸ್ ಕಂಪೆನಿಯ ಆಫೀಸಿನಲ್ಲಿ ಸೆಕ್ರೆಟರಿ. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ ನಾನು ಅವರನ್ನು ಬಾಯಿ ಎನ್ನುತ್ತಿದ್ದೆ, ಅವರು ನನ್ನನ್ನು ಟೀಚರ್ ಎನ್ನುತ್ತಿದ್ದರು.

"ಟೀಚರ್, ನಮ್ಮ ಬಾಸಿನ ತಾಯಿ ಬಂದಿದ್ದಾರೆ" ಎಂದು ಒಂದು ಸಂಜೆ ಮೀನು ಹುರಿಯುತ್ತಾ ಅವರು ಹೇಳಿದರು. "ಎಂಬತ್ತು ದಾಟಿದೆ. ಕಣ್ಣು ಮಸುಕು. ಬೆಳಿಗ್ಗೆ ಹೊತ್ತು ಜೊತೆಗೆ ಕೂತು ಓದಲಿಕ್ಕೆ ಒಬ್ಬರು ಬೇಕಂತೆ. ನೀವು ಹೇಗೂ ಮಗಳನ್ನು ಸ್ಕೂಲಿಗೆ ಕಳಿಸಿ ಗೋಡೆ ನೋಡಿಕೊಂಡು ಇರ್ತೀರಲ್ಲ."

"ನನ್ನ ಇಂಗ್ಲಿಷು ಅವರಿಗೆ ಅರ್ಥ ಆಗ್ತದಾ ಬಾಯಿ?"

"ನನ್ನದು ಅವರ ಮಗನಿಗೆ ಇಷ್ಟು ವರ್ಷದಿಂದ ಆಗ್ತಾ ಉಂಟು. ನಿಮ್ಮದು ಆಗದೆ ಏನು?"

ವಿಲ್ಲಾ ಊರ ಹೊರಗಿನ ಒಂದು ಕಾಂಪೌಂಡಿನಲ್ಲಿತ್ತು. ಏಷ್ಯನ್ ಗೇಮ್ಸ್ ಬರುತ್ತದೆಂದು ದಾರಿಯನ್ನೆಲ್ಲ ಅಗೆದುಹಾಕಿದ್ದ ಕಾಲ. ಕರೆದೊಯ್ಯಲು ಬರುತ್ತಿದ್ದ ಡ್ರೈವರ್ ಮಲಪ್ಪುರಂ ಕಡೆಯ ನಡುವಯಸ್ಸಿನವರು, ಅವರ ಭಾಷೆಯಲ್ಲಿ ಅಣ್ಣ ಎನ್ನುವ ಹಾಗೆ ನಾನು ಇಕ್ಕ ಎಂದು ಕರೆಯುತ್ತಿದ್ದೆ. ನಿನ್ನೆಯ ದಾರಿ ಇವತ್ತು ಇಲ್ಲ ಎಂದು ಗೊಣಗುತ್ತಾ ಅವರು ದಿನಕ್ಕೊಂದು ಸುತ್ತು ಹಾಕಿ ಮುಟ್ಟಿಸುತ್ತಿದ್ದರು.

ಮುದುಕಿ ಎತ್ತರದ ಹೆಂಗಸು. ಬೆನ್ನು ಬಾಗಿರಲಿಲ್ಲ. ಕಿಟಕಿಗೆ ಬೆನ್ನು ಹಾಕಿ, ಮಂಡಿಯ ಮೇಲೆ ಉಣ್ಣೆಯ ಶಾಲು ಹೊದೆದು ಕೂರುತ್ತಿದ್ದರು. ಹೊರಗೆ ಕುದಿಯುವ ಬಿಸಿಲು, ಒಳಗೆ ಎ.ಸಿ.ಯ ಚಳಿ. ನಾನು ಮೇಡಂ ಎಂದೆ. ಹೆಸರು ಹಿಡಿದು ಕರೆ ಎಂದರು. ನನ್ನ ಬಾಯಿಗೆ ಅದು ಬರಲಿಲ್ಲ, ಕೊನೆಯವರೆಗೂ ಮೇಡಂ ಎಂದೇ ಉಳಿಯಿತು.

ಮೊದಲ ದಿನ ಶ್ರೀಲಂಕಾದ ಕೆಲಸದಾಕೆ ಕಾಫಿ ತಂದಳು. ಬಿಳಿಯ ಮಗ್ಗು, ಅದರ ಹಿಡಿಗೆ ಹಳದಿ ನೂಲು ಸುತ್ತಿತ್ತು. "ಇದು ನಿಮ್ಮದು ಅಕ್ಕ. ನೀರಿಗೂ ಇದೇ. ಬೇರೆ ಯಾವುದನ್ನೂ ತೆಗೆಯಬೇಡಿ" ಎಂದು ಮೆಲ್ಲಗೆ ಹೇಳಿದಳು.

ನಾನು ಕಾಫಿ ಕುಡಿದೆ. ಓದಬೇಕಾದ್ದನ್ನು ಓದಿದೆ. ಆದರೆ ಸಂಜೆ ಗಂಡ ಬಂದಾಗ ಮಾತು ಅಲ್ಲಿಂದಲೇ ಶುರುವಾಯಿತು.

"ನನಗೆ ಬೇರೆ ಲೋಟ ಇಟ್ಟಿದ್ದಾರೆ."

ಅವರು ಒಂದು ಟ್ರೇಡಿಂಗ್ ಕಂಪೆನಿಯ ಸ್ಟೋರ್‌ಕೀಪರ್. ಬೂಟು ಬಿಚ್ಚುತ್ತಾ ನಕ್ಕರು. "ಅಮೆರಿಕದವರಿಗೆ ಎಂಥ ಜಾತಿ ಮಾರಾಯ್ತಿ?"

"ಜಾತಿ ಅಲ್ಲದಿದ್ದರೆ ಬಣ್ಣ."

"ಮನಸ್ಸಿಗೆ ಬಾರದಿದ್ದರೆ ಬಿಡು. ಫೋನ್ ಮಾಡಿ ಹೇಳು, ಖಲಾಸ್."

ಬಿಡಲಿಲ್ಲ. ಮನೆಯಲ್ಲಿ ಕೂರುವುದಕ್ಕಿಂತ ಅದೇ ವಾಸಿ ಅನಿಸಿತು. ಆ ಮಗ್ಗಿನಲ್ಲಿ ಕುಡಿಯುವುದನ್ನು ಮಾತ್ರ ನಿಲ್ಲಿಸಿ, ಮನೆಯಿಂದ ಬಾಟಲಿಯಲ್ಲಿ ನೀರು ಒಯ್ಯತೊಡಗಿದೆ. ಕಾಫಿ ಬೇಡ, ಹೊಟ್ಟೆಗೆ ಆಗುವುದಿಲ್ಲ ಎಂದೆ.

ಎರಡನೆಯ ವಾರ ಮಗ ರಜೆಯಲ್ಲಿ ಮನೆಯಲ್ಲೇ ಇದ್ದರು. ಐವತ್ತು ದಾಟಿದ, ಬಿಸಿಲಿಗೆ ಕೆಂಪಾದ, ಮೆದು ಮಾತಿನ ಮನುಷ್ಯ. ಪಕ್ಕದ ಮೇಜಿನ ಮೇಲಿದ್ದ ತಾಯಿಯ ಮಗ್ಗನ್ನು ಮರೆತು ಕೈಗೆತ್ತಿ ಒಂದು ಗುಟುಕು ಕುಡಿದರು. ಕಣ್ಣು ಸರಿಯಾಗಿ ಕಾಣದ ಮುದುಕಿಗೆ ಅದು ಹೇಗೆ ಗೊತ್ತಾಯಿತೋ.

"ಕೆಳಗಿಡು ಅದನ್ನು! ನಿನ್ನದು ನೀಲಿ ನೂಲಿನದು."

ಮಗ ನನ್ನ ಕಡೆ ನೋಡಿ ಹುಬ್ಬು ಹಾರಿಸಿ, ಎದ್ದು ಹೋಗಿ ಅದನ್ನು ತೊಳೆದು ತಂದಿಟ್ಟರು. ಆಮೇಲೆ ನಾನು ಅಡುಗೆಮನೆಗೆ ಹೋಗಿ ಕಪಾಟು ನೋಡಿದೆ. ಮಗನದು, ಸೊಸೆಯದು, ಕೆಲಸದಾಕೆಯದು, ಇಕ್ಕನದು ಕೂಡ. ಎಲ್ಲವೂ ಒಂದೇ ತರಹದ ಬಿಳಿ ಮಗ್ಗುಗಳು, ಹಿಡಿಗೆ ಬೇರೆ ಬೇರೆ ಬಣ್ಣದ ನೂಲು.

ಮರುದಿನ ನಾನೇ ಕೇಳಿದೆ. "ಮೇಡಂ, ಈ ನೂಲು ಯಾಕೆ?"

"ಅದು ನಮ್ಮ ಅಪ್ಪನ ಕಾನೂನು" ಎಂದರು.

"ಅವರು ಜಡ್ಜ್ ಆಗಿದ್ದರಾ?"

"ಇಲ್ಲ. ಶಾಸಕ. ನಮ್ಮ ರಾಜ್ಯದ ವಿಧಾನಸಭೆಯಲ್ಲಿ ಎರಡು ಅವಧಿ ಇದ್ದರು. ನಾನು ಹುಟ್ಟುವ ಎಷ್ಟೋ ವರ್ಷ ಮೊದಲು."

ಶಾಸಕ ಎಂದ ಕೂಡಲೇ ನನ್ನ ಕಣ್ಣೆದುರು ನಮ್ಮ ಕಡೆಯ ಎಮ್ಮೆಲ್ಲೆ ಬಂದರು: ಗರಿಗರಿ ಬಿಳಿ ಅಂಗಿ, ಹಿಂದೆ ಹತ್ತು ಜನ, ಮದುವೆ ಮನೆಯಲ್ಲಿ ಅವರಿಗೆಂದೇ ಮೊದಲ ಸಾಲಿನ ಕುರ್ಚಿ. ಹಾಗೆಂದು ಹೇಳಿದೆ. ಮುದುಕಿ ನಕ್ಕರು. ಅವರಪ್ಪ ಸ್ಟೇಶನ್ ಮಾಸ್ತರ್ ಆಗಿದ್ದರಂತೆ. ಶಾಸಕನಾದ ಮೇಲೂ ಮಾಸ್ತರರೇ. ಸಭೆ ಇಲ್ಲದ ತಿಂಗಳುಗಳಲ್ಲಿ ಬಂದು ಅದೇ ಕಿಟಕಿಯಲ್ಲಿ ಟಿಕೆಟ್ ಕೊಡುತ್ತಿದ್ದರಂತೆ.

ಆ ಮೇಲಿನ ದಿನಗಳಲ್ಲಿ ಪೇಪರ್ ಓದುವುದು ಅರ್ಧ, ಅವರು ಹೇಳುವುದು ಅರ್ಧ ಎಂಬಂತಾಯಿತು. ಅವರು ಕ್ರಮವಾಗಿ ಹೇಳಲಿಲ್ಲ. ನಾನು ಇಲ್ಲಿ ಸ್ವಲ್ಪ ಕ್ರಮಕ್ಕೆ ತಂದು ಬರೆಯುತ್ತಿದ್ದೇನೆ.

ಅಮೆರಿಕದ ನಡುಭಾಗದ ಬಯಲುಸೀಮೆ. ಗೋಧಿ ಬಿಟ್ಟರೆ ಬೇರೆ ಬೆಳೆ ಇಲ್ಲ, ಗಾಳಿ ತಡೆಯಲು ಒಂದು ಗುಡ್ಡವಿಲ್ಲ. ರೈಲು ನಿಲ್ಲುವುದರಿಂದ ಮಾತ್ರ ಊರು ಎನಿಸಿಕೊಂಡ ಒಂದು ಊರು. ಸ್ಟೇಶನ್ನಿನಲ್ಲಿ ನೀರಿನ ಪೀಪಾಯಿ, ಅದಕ್ಕೆ ಸರಪಳಿಯಿಂದ ಕಟ್ಟಿದ ತಗಡಿನ ಲೋಟ. ಇಳಿದವರು, ಹತ್ತುವವರು, ಗೋಧಿ ತುಂಬುವವರು ಎಲ್ಲರೂ ಅದೇ ಲೋಟ ಅದ್ದಿ ಕುಡಿಯುವುದು. ಶಾಲೆಯಲ್ಲೂ ಹಾಗೆಯೇ, ರೈಲಿನ ಒಳಗೂ ಹಾಗೆಯೇ. ಆಗ ಅದರಲ್ಲಿ ಯಾರಿಗೂ ತಪ್ಪು ಕಂಡಿರಲಿಲ್ಲ.

ಮಾಸ್ತರರಿಗೆ ಆಗ ಒಂದೇ ಮಗು, ನಾಲ್ಕೈದು ವರ್ಷದ ಹುಡುಗಿ. ಇಡೀ ದಿನ ಪ್ಲಾಟ್‌ಫಾರ್ಮಿನಲ್ಲೇ ಆಡಿಕೊಂಡಿರುತ್ತಿತ್ತು. ಒಂದು ಶರತ್ಕಾಲದಲ್ಲಿ ದೂರದಿಂದ ವಲಸೆ ಬಂದ ಸಂಸಾರವೊಂದು ಗಾಡಿ ಬದಲಾಯಿಸಲು ಇಳಿಯಿತು. ಅವರ ಮಕ್ಕಳು ಕೆಮ್ಮುತ್ತಿದ್ದವು, ಪೀಪಾಯಿಯ ನೀರು ಕುಡಿದವು. ಕೆಲವು ದಿನಗಳಲ್ಲಿ ಮಾಸ್ತರರ ಮಗುವಿಗೆ ಗಂಟಲಮಾರಿ ಬಂತು. ಗಂಟಲೊಳಗೆ ಪೊರೆ ಕಟ್ಟಿ ಉಸಿರು ಸಿಕ್ಕಿಕೊಳ್ಳುವ ಕಾಯಿಲೆ. ಡಾಕ್ಟರು ಬರುವ ಗಾಡಿ ತಡವಾಯಿತು. ಬಂದಾಗ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ.

"ಅದು ನನ್ನ ಅಕ್ಕ. ನಾನು ನೋಡದ ಅಕ್ಕ" ಎಂದರು ಮುದುಕಿ.

ಮಣ್ಣು ಮಾಡಿ ಬಂದ ದಿನವೇ ಮಾಸ್ತರರು ಸರಪಳಿ ಕತ್ತರಿಸಿ ಲೋಟವನ್ನು ಬಿಸಾಡಿದರು. ರೈಲ್ವೆಯವರಿಂದ ಮೆಮೋ ಬಂತು. ಪ್ರಯಾಣಿಕರಿಗೆ ನೀರಿನ ವ್ಯವಸ್ಥೆ ಮಾಡುವುದು ಕರ್ತವ್ಯ, ಕೂಡಲೇ ಹೊಸ ಲೋಟ ಕಟ್ಟತಕ್ಕದ್ದು. ಕಟ್ಟಿದರು. ಬೇರೆ ದಾರಿ ಇರಲಿಲ್ಲ. ಆಮೇಲೆ ದಿನವೂ ಆ ಕಿಟಕಿಯಲ್ಲಿ ಕೂತು ಜನ ಅದರಲ್ಲಿ ಕುಡಿಯುವುದನ್ನು ನೋಡುತ್ತಿದ್ದರು.

ಚುನಾವಣೆಗೆ ನಿಲ್ಲು ಎಂದು ಅವರನ್ನು ಹುರಿದುಂಬಿಸಿದವರು ರೈತರು. ಲೋಟಕ್ಕಾಗಿ ಅಲ್ಲ. ಗೋಧಿ ಸಾಗಿಸಲು ರೈಲ್ವೆಯವರು ಕೇಳಿದಷ್ಟು ಬಾಡಿಗೆ ಕೊಡಬೇಕಿತ್ತು, ಬೆಳೆದದ್ದರಲ್ಲಿ ದೊಡ್ಡ ಪಾಲು ಅದಕ್ಕೇ ಹೋಗುತ್ತಿತ್ತು. ಬಾಡಿಗೆಗೆ ಒಂದು ಮಿತಿ ಹಾಕುವ ಕಾನೂನು ಬೇಕು, ಒಳಗಿನ ಲೆಕ್ಕ ಬಲ್ಲ ಮನುಷ್ಯ ಅಲ್ಲಿ ಹೋಗಿ ಮಾತಾಡಬೇಕು ಎಂದರು. ಮಾಸ್ತರರು ಆಗಲಿ ಎಂದರು. ಕುದುರೆಗಾಡಿಯಲ್ಲಿ ಹೊಲದಿಂದ ಹೊಲಕ್ಕೆ ಹೋದರು. ಎಲ್ಲಿ ಹೋದರೂ ಬಾಡಿಗೆಯ ಮಾತನ್ನೇ ಆಡಿದರು. ಗೆದ್ದರು.

ಜನವರಿಯ ಹಿಮದಲ್ಲಿ ರಾಜಧಾನಿಗೆ ಹೋಗಿ ಒಂದು ಊಟವಸತಿಯ ಮನೆಯಲ್ಲಿ ಇಳಿದುಕೊಂಡರು. ಕೋಣೆಯ ಜೊತೆಗಾರ ಇನ್ನೊಬ್ಬ ಶಾಸಕ, ಕಸುಬಿನಲ್ಲಿ ಕಟುಕ, ಗಟ್ಟಿ ಗಂಟಲಿನವನು. ಮಾಸ್ತರರು ಸಾರ್ವಜನಿಕ ಲೋಟವನ್ನು ನಿಷೇಧಿಸುವ ಮಸೂದೆಯನ್ನು ತಂದರು. ಸಭೆ ನಕ್ಕಿತು. ಮುಂದಿನ ಮಸೂದೆ ಸಾರ್ವಜನಿಕ ಕರವಸ್ತ್ರದ ಮೇಲೋ ಎಂದು ಯಾರೋ ಕೇಳಿದರು. ಮೊದಲ ಅವಧಿ ಹಾಗೆಯೇ ಮುಗಿಯಿತು.

ಎರಡನೆಯ ಅವಧಿಯಲ್ಲಿ ಅದು ಪಾಸಾಯಿತು. ಆ ದಿನ ಅವರು ತಗಡಿನ ಲೋಟವೊಂದರಲ್ಲಿ ನೀರು ತುಂಬಿಸಿ ಸಭೆಯಲ್ಲಿ ಕೈಯಿಂದ ಕೈಗೆ ದಾಟಿಸಿದರು, ಎಲ್ಲರೂ ಕುಡಿದ ಮೇಲೆ ತನ್ನ ಮಗಳ ಸಾವಿನ ಕಥೆ ಹೇಳಿದರು, ಇಡೀ ಸಭೆ ಅತ್ತಿತು ಎಂದು ಊರಿನಲ್ಲಿ ಒಂದು ಕಥೆ ಉಂಟಂತೆ.

"ಅದೆಲ್ಲ ಸುಳ್ಳು. ಅಮ್ಮ ಮೇಲಿನ ಗ್ಯಾಲರಿಯಲ್ಲಿ ಕೂತು ನೋಡಿದ್ದಾಳೆ" ಎಂದರು ಮುದುಕಿ. "ಅಪ್ಪ ಎದ್ದು ನಿಂತ. ನಾಲ್ಕು ವಾಕ್ಯ ಓದಿದ. ಕಾಗದ ಕೆಳಗಿಟ್ಟ. ಕೂತುಬಿಟ್ಟ. ಉಳಿದದ್ದನ್ನು ಆ ಕಟುಕ ಓದಿದ, ದನ ಹರಾಜು ಹಾಕುವ ಧ್ವನಿಯಲ್ಲಿ."

ಕಾನೂನು ಬಂದ ಮೇಲೆ ರೈಲಿನಿಂದ, ಶಾಲೆಯಿಂದ, ಸ್ಟೇಶನ್ನಿನಿಂದ ಲೋಟಗಳು ಹೋದವು. ಅವುಗಳ ಜಾಗಕ್ಕೆ ರೈಲ್ವೆಯವರು ಒಂದು ಯಂತ್ರ ತಂದಿಟ್ಟರು. ಒಂದು ಸೆಂಟ್ ಹಾಕಿದರೆ ಒಂದು ಕಾಗದದ ಲೋಟ ಬರುತ್ತದೆ. ನೀರು ಪುಕ್ಕಟೆ, ಲೋಟಕ್ಕೆ ಕಾಸು. ಆ ಬೇಸಿಗೆಯಲ್ಲಿ ಗೋಧಿ ಕೊಯ್ಲಿಗೆ ಎಂದಿನಂತೆ ಕೂಲಿಯವರು ಸಾಮಾನು ಗಾಡಿಗಳಲ್ಲಿ ಕದ್ದು ಕೂತು ಬಂದರು. ಅವರ ಹತ್ತಿರ ಲೋಟವೂ ಇಲ್ಲ, ಕಾಸೂ ಇಲ್ಲ.

ಒಬ್ಬ ಟಿಕೆಟ್ ಕಿಟಕಿಗೆ ಬಂದು ಕೇಳಿದನಂತೆ, "ಮಾಸ್ತರರೇ, ನಾನು ಪೀಪಾಯಿಗೆ ಬಾಯಿ ಹಾಕಲಾ?"

ಮಾಸ್ತರರು ತನ್ನ ಲೋಟ ಕೊಡುವ ಹಾಗಿಲ್ಲ. ಕಾನೂನು ತಂದವರೇ ಅವರು. ಹೊರಗೆ ಬಂದು ಹೂಜಿಯಲ್ಲಿ ನೀರು ತುಂಬಿಸಿ, "ಕೈ ಹಿಡಿ" ಎಂದರು. ಅವನು ಬೊಗಸೆ ಹಿಡಿದ. ಅವರು ಮೇಲಿನಿಂದ ಹೊಯ್ದರು, ಅವನು ಕುಡಿದ. ಆ ಬೇಸಿಗೆ ಪೂರ್ತಿ, ಗಾಡಿ ಬಂದಾಗಲೆಲ್ಲ ಅವರು ಹೂಜಿ ಹಿಡಿದು ಪ್ಲಾಟ್‌ಫಾರ್ಮಿಗೆ ಹೋಗಿ ಕೂಲಿಯವರ ಬೊಗಸೆಗೆ ನೀರು ಹೊಯ್ಯುತ್ತಿದ್ದರಂತೆ.

"ಅಪ್ಪ ಅಂಥ ಮನುಷ್ಯ" ಎಂದರು ಮುದುಕಿ. ಅವರ ಮುಖದಲ್ಲಿ ಬೆಳಕಿತ್ತು. ನಾನು ಏನಾದರೂ ಹೇಳುತ್ತೇನೆಂದು ಕಾದರು.

ನನ್ನ ಬಾಯಿಂದ ಬಂದದ್ದು ಬೇರೆ. "ನಮ್ಮಜ್ಜಿಗೂ ಹಾಗೆಯೇ ಹೊಯ್ಯುತ್ತಿದ್ದರು ಮೇಡಂ."

"ಯಾರು?"

"ಗದ್ದೆಯ ಧಣಿಗಳ ಮನೆಯವರು. ನೇಜಿ ನೆಟ್ಟು ಬಂದು ಅಂಗಳದ ಹೊರಗೆ ನಿಂತರೆ, ಮನೆಯ ಹೆಂಗಸರು ತಂಬಿಗೆ ಎತ್ತಿ ಹಿಡಿದು ಬೊಗಸೆಗೆ ನೀರು ಬಿಡುತ್ತಿದ್ದರು. ತಂಬಿಗೆ ಕೈಗೆ ತಾಗಬಾರದು. ನೀರು ಮೊಣಕೈಯವರೆಗೆ ಇಳಿದು ರವಿಕೆ ಒದ್ದೆಯಾಗುತ್ತಿತ್ತು ಎಂದು ಅಜ್ಜಿ ಹೇಳುತ್ತಿದ್ದರು. ಗಂಜಿಗೆ ತೆಂಗಿನ ಗೆರಟೆ."

"ಅಲ್ಲಿ ಏನಾದರೂ ಕಾಯಿಲೆ ಇತ್ತಾ?"

"ಇಲ್ಲ."

"ಮತ್ತೆ ಯಾಕೆ?"

ಅದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ನಾನು ಸ್ವಲ್ಪ ಹೊತ್ತು ಯೋಚಿಸಿದೆ. "ನಾವು ಕೆಳಗಿನವರು ಎಂದು" ಅಂದೆ. "ನೀವು ನನಗೆ ಬೇರೆ ಮಗ್ಗು ಕೊಟ್ಟಾಗ ನಾನು ಅದನ್ನೇ ತಿಳಿದುಕೊಂಡೆ."

ಮುದುಕಿ ಶಾಲನ್ನು ಮಂಡಿಯ ಮೇಲೆ ಎರಡು ಸಲ ಸರಿಮಾಡಿಕೊಂಡರು. ಮತ್ತೆ, "ಪೇಪರಿನಲ್ಲಿ ಹವಾಮಾನ ಏನು ಬರೆದಿದ್ದಾರೆ ನೋಡು" ಎಂದರು. ಧೂಳುಗಾಳಿ ಬರುತ್ತದೆಂದು ಬರೆದಿದ್ದರು, ಓದಿದೆ. ಮುಂದಿನ ಹಲವು ದಿನ ಅವರು ಅಪ್ಪನ ಮಾತು ಎತ್ತಲಿಲ್ಲ. ನಾನೂ ಕೇಳಲಿಲ್ಲ. ಹಾಗೆ ಹೇಳಬಾರದಿತ್ತು ಎಂದು ನನಗೆ ಅನಿಸಲಿಲ್ಲ. ಹೇಳಿ ಹಗುರಾಯಿತು ಎಂದೂ ಅನಿಸಲಿಲ್ಲ.

ಒಂದು ಬೆಳಿಗ್ಗೆ ಅವರನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದಿತ್ತು. ನಾನು ಜೊತೆಗೆ. ಬರುವಾಗ ಒಂದು ದೊಡ್ಡ ವಿಲ್ಲಾದ ಗೋಡೆಯ ಬಳಿ ರಸ್ತೆ ಕೆಲಸದವರು ಸಾಲಾಗಿ ನಿಂತಿದ್ದರು. ಗೋಡೆಗೆ ತಾಗಿ ಒಂದು ಕೂಲರ್, ಅದಕ್ಕೆ ಕಟ್ಟಿದ ಒಂದೇ ಸ್ಟೀಲ್ ಲೋಟ. ನೀಲಿ ಕವರಾಲ್ ಉಡುಪಿನ ಹುಡುಗರು ಒಬ್ಬರಾದ ಮೇಲೊಬ್ಬರು ಕುಡಿದು, ಉಳಿದ ನೀರನ್ನು ತಲೆಗೆ ಸುರಿದುಕೊಂಡು ಮುಂದೆ ಹೋಗುತ್ತಿದ್ದರು.

"ಅಲ್ಲಿ ಏನು ಅದು, ನೀಲಿ ನೀಲಿ?" ಎಂದು ಮುದುಕಿ ಕೇಳಿದರು.

ಹೇಳಿದೆ.

"ಕಾರು ನಿಲ್ಲಿಸು" ಎಂದರು ಇಕ್ಕನಿಗೆ. ಗಾಜು ಇಳಿಸಿ, ಕಾಣದ ಕಣ್ಣಿನಲ್ಲಿ ಅತ್ತಲೇ ನೋಡಿದರು. ಒಳಗೆ ಬಿಸಿಗಾಳಿ ನುಗ್ಗಿತು. "ನೀರು ಯಾರು ಇಟ್ಟದ್ದು? ಸರ್ಕಾರವಾ?"

"ಅಲ್ಲ ಮೇಡಂ, ಆ ಮನೆಯವರು" ಎಂದರು ಇಕ್ಕ. "ಬಾಯಾರಿದವರಿಗೆ ನೀರು ಕೊಟ್ಟರೆ ಪುಣ್ಯ ಎಂದು ಇಡುತ್ತಾರೆ. ಎಲ್ಲ ಕಡೆ ಉಂಟು."

"ಒಂದೇ ಲೋಟ?"

"ಒಂದೇ. ಮಾಫಿ ಮುಷ್ಕಿಲ್, ಏನೂ ತೊಂದರೆ ಇಲ್ಲ ಮೇಡಂ. ನಾನೂ ಕುಡಿಯುತ್ತೇನೆ."

ಅವರು ಗಾಜು ಏರಿಸಿದರು. ಮನೆ ಮುಟ್ಟಿ ಕುರ್ಚಿಯಲ್ಲಿ ಕೂತು, ಕೆಲಸದಾಕೆ ಆಚೆ ಹೋದ ಮೇಲೆ, ತಾವಾಗಿಯೇ ಶುರು ಮಾಡಿದರು.

"ಅಪ್ಪ ಹೇಗೆ ಸೋತ ಎಂದು ನಾನು ನಿನಗೆ ಹೇಳಲಿಲ್ಲ."

ಮೂರನೆಯ ಚುನಾವಣೆಯಲ್ಲಿ ಎದುರಾಳಿಯ ಕಡೆಯವರು ಊರಿನ ದಾರಿಯುದ್ದಕ್ಕೂ ಬೇಲಿಯ ಕಂಬಗಳಿಗೆ ತಗಡಿನ ಲೋಟಗಳನ್ನು ಮೊಳೆ ಹೊಡೆದು ತೂಗುಹಾಕಿದ್ದರಂತೆ. ಗಾಳಿಗೆ ಅವು ರಾತ್ರಿ ಹಗಲು ಬಡಿದುಕೊಳ್ಳುತ್ತಿದ್ದವು. ನೀರಿಗೆ ಕಾಸು ಹಾಕಿಸಿದವ ಎಂದು ಜನ ಬೈದರು. ಆದರೆ ಸೋತದ್ದು ಲೋಟದಿಂದಲ್ಲ.

"ಲೋಟದ ಮಸೂದೆ ಪಾಸಾಗಲು ಓಟು ಸಾಲುತ್ತಿರಲಿಲ್ಲ" ಎಂದರು. "ರೈಲ್ವೆ ಕಡೆಯ ಶಾಸಕರು ಒಂದು ಗುಂಪಿದ್ದರು. ಅವರು ಅಪ್ಪನಿಗೆ ಹೇಳಿದರು, ನಿನ್ನ ಲೋಟಕ್ಕೆ ನಾವು ಕೈ ಎತ್ತುತ್ತೇವೆ, ಬಾಡಿಗೆ ಮಸೂದೆ ಬಂದ ದಿನ ನೀನು ಕೈ ಎತ್ತಬೇಡ. ಅಪ್ಪ ಎತ್ತಲಿಲ್ಲ. ಒಂದು ಓಟಿನಿಂದ ಅಲ್ಲದಿದ್ದರೂ, ಕೆಲವೇ ಓಟಿನಿಂದ ಅದು ಬಿತ್ತು."

ಬಾಡಿಗೆ ಇಳಿಸುತ್ತೇನೆಂದು ಹೊಲಹೊಲಕ್ಕೆ ಹೋಗಿ ಹೇಳಿ ಬಂದವರು ಅವರು. ರೈತರಿಗೆ ಸುದ್ದಿ ತಲುಪಲು ತಡವಾಗಲಿಲ್ಲ.

"ನಿಮಗೆ ಯಾರು ಹೇಳಿದರು?"

"ನನ್ನ ಸೋದರಮಾವ. ನಾನು ಆಗ ದೊಡ್ಡ ಹುಡುಗಿ, ಹದಿನಾರೋ ಹದಿನೇಳೋ. ಊಟದ ಮೇಜಿನಲ್ಲಿ ಏನೋ ಜಗಳ ಬಂದು ಅವನು ಇದನ್ನು ಆಡಿಬಿಟ್ಟ. ನಾನು ಅಪ್ಪನ ಹಿಂದೆ ಸ್ಟೇಶನ್ನಿಗೆ ಹೋಗಿ ಕೇಳಿದೆ, ಹೌದಾ ಎಂದು. ಹೌದು ಎಂದ. ಯಾಕೆ ಎಂದು ಕೇಳಿದೆ."

"ಏನು ಹೇಳಿದರು?"

"ನನ್ನ ಹತ್ತಿರ ಮಾರಲಿಕ್ಕೆ ಇದ್ದದ್ದು ಅದೊಂದೇ, ಅದನ್ನು ಮಾರಿದೆ ಎಂದ. ಆಮೇಲೆ ಗಾಡಿ ಬಂತು. ಅವನು ಬಾವುಟ ತೆಗೆದುಕೊಂಡು ಹೊರಗೆ ಹೋದ."

ಸೋತ ಮರುವರ್ಷ ರೈಲ್ವೆಯವರು ಅವರಿಗೆ ದೊಡ್ಡ ಸ್ಟೇಶನ್ನಿಗೆ ಬಡ್ತಿ ಕೊಟ್ಟರು. ಅವರು ಬೇಡವೆಂದರು. ಬೇಡವೆಂದದ್ದನ್ನು ಊರಿನಲ್ಲಿ ಯಾರೂ ನಂಬಲಿಲ್ಲ. ಒಳಗಿಂದೊಳಗೆ ಏನೋ ಸಿಕ್ಕಿರಬೇಕು, ಇಲ್ಲದಿದ್ದರೆ ಯಾರು ಬಡ್ತಿ ಬಿಡುತ್ತಾರೆ ಎಂದರು. ಆ ಊರಿನಲ್ಲೇ, ಆ ಕಿಟಕಿಯಲ್ಲೇ ಅವರು ನಿವೃತ್ತಿಯವರೆಗೆ ಕೂತರು. ಗೋಧಿ ತರುವ ರೈತರು ಚೀಟಿಯನ್ನು ಕಿಟಕಿಯ ಕೆಳಗೆ ತಳ್ಳಿ, ಮುಖ ನೋಡದೆ ಹೋಗುತ್ತಿದ್ದರು. ಚರ್ಚಿನಲ್ಲಿ ಅವರ ಬೆಂಚಿನ ಉಳಿದ ಭಾಗ ಖಾಲಿ ಇರುತ್ತಿತ್ತು. ಮುದುಕಿ ಚಿಕ್ಕವಳಿದ್ದಾಗ, ಜಾಗ ಧಾರಾಳ ಇರುವ ಬೆಂಚು ತಮ್ಮದು ಎಂದು ಹೆಮ್ಮೆಪಟ್ಟಿದ್ದಳಂತೆ.

ಇನ್ನೊಂದು ಸಂಗತಿಯೂ ಉಂಟು. ಒಮ್ಮೆ ಆ ಊರಿಗೆ ಬಂದ ಹೊಸ ಡಾಕ್ಟರು ಮಾತಿಗೆ ಮಾತು ಬಂದು, ಗಂಟಲಮಾರಿ ಹೆಚ್ಚಾಗಿ ಹರಡುವುದು ಉಸಿರಿನಿಂದ, ಹತ್ತಿರದ ಒಡನಾಟದಿಂದ, ನಿಮ್ಮ ಮಗುವಿಗೆ ಲೋಟದಿಂದಲೇ ಬಂತು ಎಂದು ಹೇಳುವ ಹಾಗಿಲ್ಲ ಎಂದರು. ಆ ಮಕ್ಕಳ ಜೊತೆ ಆಡಿದ್ದರೂ ಸಾಕಿತ್ತು. ಮುದುಕಿ ಆಗ ಸಣ್ಣ ಹುಡುಗಿ, ಅಲ್ಲೇ ನೆಲದ ಮೇಲೆ ಕೂತಿದ್ದಳು. ಅಪ್ಪ "ಇರಬಹುದು" ಎಂದರು. ಡಾಕ್ಟರು ಹೋದ ಮೇಲೆ ಎಂದಿನಂತೆ ತನ್ನ ಲೋಟವನ್ನು ತೊಳೆದು ತನ್ನ ಮೊಳೆಗೆ ತೂಗುಹಾಕಿದರು. ಮನೆಯಲ್ಲಿ ಪ್ರತಿಯೊಬ್ಬರ ಲೋಟಕ್ಕೂ ನೂಲು ಕಟ್ಟುವುದು ನಿಲ್ಲಲಿಲ್ಲ.

ಮುದುಕಿ ಮದುವೆಯಾದ ವರ್ಷ ಅವರು ತೀರಿಕೊಂಡರು. ಶವದ ಹಿಂದೆ ರೈಲ್ವೆಯವರು ಬಂದರು, ಆ ಕಟುಕ ಶಾಸಕ ಮುದಿವಯಸ್ಸಿನಲ್ಲಿ ದೂರದಿಂದ ಬಂದ. ಊರಿನ ರೈತರಲ್ಲಿ ಬಂದವರು ಕಡಿಮೆ.

ಆ ವಾರ ನಾನು ಫೋನ್ ಕಾರ್ಡ್ ಹಾಕಿ ಊರಿಗೆ ಮಾತಾಡುವಾಗ ಅಮ್ಮನಿಗೆ ಈ ಕಥೆಯನ್ನೆಲ್ಲ ಹೇಳಿದೆ. ಅಮ್ಮ ಬೀಡಿ ಕಟ್ಟುವವರು. ಓದಿದ್ದು ನಾಲ್ಕನೆಯ ಕ್ಲಾಸು. ಬೊಗಸೆಯ ಮಾತಿಗೆ ಏನಾದರೂ ಹೇಳುತ್ತಾರೆಂದುಕೊಂಡಿದ್ದೆ. ಅವರು ಅದನ್ನು ಬಿಟ್ಟು, "ಆ ಗೋಧಿಯವರ ಬಾಡಿಗೆ ಕಡೆಗೂ ಇಳಿಯಿತಾ ಮಗಾ?" ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ. ಮರುದಿನ ಮುದುಕಿಯನ್ನು ಕೇಳಿದೆ.

"ಇಳಿಯಿತು" ಎಂದರು. "ಅಪ್ಪನನ್ನು ಸೋಲಿಸಿದನಲ್ಲ, ಅವನೇ ಇಳಿಸಿದ. ಬೇಲಿಗೆ ಲೋಟ ಹೊಡೆಸಿದವ. ಊರಿನ ಶಾಲೆಗೆ ಅವನ ಹೆಸರು ಇಟ್ಟರು. ನಾನು ಓದಿದ್ದು ಆ ಶಾಲೆಯಲ್ಲೇ. ದಿನಾ ಬೆಳಿಗ್ಗೆ ಆ ಹೆಸರಿನ ಕೆಳಗಿನಿಂದ ಒಳಗೆ ಹೋಗಬೇಕು. ಒಳ್ಳೆಯ ಶಾಲೆ."

ಕೊನೆಯ ಎರಡು ಶಬ್ದಗಳನ್ನು ಅವರು ಸ್ವಲ್ಪ ತಡೆದು ಹೇಳಿದರು.

ಮೇ ತಿಂಗಳಲ್ಲಿ ಸೆಕೆ ತೀರಾ ಏರುವ ಮೊದಲು ಮುದುಕಿ ಅಮೆರಿಕಕ್ಕೆ ವಾಪಸಾದರು. ಹೊರಡುವ ದಿನ ನನ್ನ ಎರಡೂ ಕೈಗಳನ್ನು ಹಿಡಿದುಕೊಂಡು, ನೀನು ಚೆನ್ನಾಗಿ ಓದುತ್ತೀ, ಆದರೆ ಪೂರ್ಣವಿರಾಮದಲ್ಲಿ ನಿಲ್ಲುವುದಿಲ್ಲ ಎಂದರು. ಆ ವರ್ಷ ಓಲ್ಡ್ ಏರ್‌ಪೋರ್ಟ್ ಕಡೆಯ ಒಂದು ಇಂಡಿಯನ್ ಶಾಲೆಯಲ್ಲಿ ನನಗೆ ಕೆಲಸ ಸಿಕ್ಕಿತು. ಏಳನೆಯ ಕ್ಲಾಸಿಗೆ ರಾಜ್ಯ ಶಾಸಕಾಂಗದ ಪಾಠ ಬರುತ್ತದೆ: ಶಾಸಕರ ಆಯ್ಕೆ ಹೇಗೆ, ಮಸೂದೆ ಕಾನೂನಾಗುವುದು ಹೇಗೆ. ಮಾಸ್ತರರ ವಿಷಯ ಹೇಳಲು ಒಂದೆರಡು ಸಲ ಮನಸ್ಸಾಯಿತು. ಪೋರ್ಷನ್ ಮುಗಿಸುವ ಅವಸರದಲ್ಲಿ ಹೇಳಲಿಲ್ಲ.

ಮುಂದಿನ ಚಳಿಗಾಲದಲ್ಲಿ ಬಾಯಿ ಆಫೀಸಿನಿಂದ ಬಂದು, ಬಾಸಿನ ತಾಯಿ ಹೋದರಂತೆ ಟೀಚರ್, ನಿದ್ದೆಯಲ್ಲೇ ಅಂತೆ ಎಂದರು. ಬಾಯಿ ಶಿಲುಬೆ ಗುರುತು ಮಾಡಿಕೊಂಡು ಅನ್ನಕ್ಕೆ ಇಟ್ಟರು.

ಮಣ್ಣು ಮುಗಿಸಿ ಮಗ ವಾಪಸು ಬಂದ ಮೇಲೆ ನನಗೆ ಫೋನ್ ಮಾಡಿದರು. "ಅಮ್ಮ ನಿಮಗೆ ಅಜ್ಜನ ವಿಷಯ ಹೇಳುತ್ತಿದ್ದರಂತೆ, ಹೌದಾ? ಅವರು ಶಾಸಕರಾಗಿದ್ದರು ಎನ್ನುವುದು ಬಿಟ್ಟರೆ ನನಗೆ ಏನೂ ಗೊತ್ತಿಲ್ಲ. ಈಗ ಕೇಳಲು ಅಲ್ಲಿ ಯಾರೂ ಉಳಿದಿಲ್ಲ. ನೀವು ಒಮ್ಮೆ ಬಂದು ಹೇಳಬಹುದಾ?"

ಒಂದು ಶುಕ್ರವಾರ ಗಂಡನನ್ನೂ ಕರೆದುಕೊಂಡು ಹೋದೆ. ಅವರ ಹೆಂಡತಿ ಕೇಕ್ ಮಾಡಿದ್ದರು. ನಾನು ಮುದುಕಿ ಕೂರುತ್ತಿದ್ದ ಕುರ್ಚಿ ಬಿಟ್ಟು ಬೇರೆಯದರಲ್ಲಿ ಕೂತು ಹೇಳಿದೆ. ಗೋಧಿ ಬಯಲು, ಸತ್ತ ಮಗು, ಕಟುಕ ಓದಿದ ಭಾಷಣ, ಬೇಲಿಯ ಲೋಟಗಳು. ಮಾರಿದ ಓಟಿನ ಹತ್ತಿರ ಬಂದಾಗ ಒಮ್ಮೆ ನಿಂತೆ. ಮುದುಕಿ ಮಗನಿಗೆ ಅದನ್ನು ಯಾಕೆ ಹೇಳಿರಲಿಲ್ಲವೋ, ಹೇಳಬಾರದೆಂದು ಅವರು ನನಗಂತೂ ಹೇಳಿರಲಿಲ್ಲ. ಅದನ್ನೂ ಹೇಳಿದೆ. ನನ್ನ ಅಜ್ಜಿಯ ವಿಷಯ ಮಾತ್ರ ಹೇಳಲಿಲ್ಲ, ಅದು ಅವರ ಕಥೆಗೆ ಬೇಕಾದದ್ದಲ್ಲ.

ಆ ದೊಡ್ಡ ಮನುಷ್ಯ ಮೊಣಕೈಗಳನ್ನು ಮಂಡಿಗೆ ಊರಿ ನೆಲ ನೋಡುತ್ತಾ ಕೇಳಿದರು. ಮುಗಿದ ಮೇಲೆ, "ಓಟಿನ ವಿಷಯದಲ್ಲಿ ಅಜ್ಜನಿಗೆ ಆಮೇಲೆ ಬೇಸರ ಇತ್ತಾ?" ಎಂದರು.

"ನಿಮ್ಮ ತಾಯಿ ಅದನ್ನು ಹೇಳಲಿಲ್ಲ ಸರ್" ಎಂದೆ.

"ನಿಮಗೆ ಏನನಿಸುತ್ತದೆ?"

ನಾನು ಗಂಡನ ಮುಖ ನೋಡಿದೆ. ಅವರು ಕೇಕಿನ ತಟ್ಟೆ ನೋಡುತ್ತಿದ್ದರು. ಬಡ್ತಿ ಬೇಡವೆಂದರಲ್ಲ, ಅದನ್ನು ನೋಡಿದರೆ ಬೇಸರ ಇದ್ದಿರಬೇಕು ಎಂದೆ. ಆದರೆ ಇನ್ನೊಮ್ಮೆ ಅದೇ ಸಂದರ್ಭ ಬಂದರೂ ಅವರು ಹಾಗೆಯೇ ಮಾಡುತ್ತಿದ್ದರು ಎಂದು ನನಗೆ ತೋರುತ್ತದೆ ಎಂದೂ ಸೇರಿಸಿದೆ. ಮಗ ತಲೆಯಾಡಿಸಿದರು. ಒಪ್ಪಿ ಆಡಿಸಿದ್ದೋ, ಕೇಳಿಸಿತು ಎಂದು ಆಡಿಸಿದ್ದೋ ತಿಳಿಯಲಿಲ್ಲ.

ಮಗಳನ್ನು ಪಕ್ಕದ ಕೋಣೆಯವರ ಹತ್ತಿರ ಬಿಟ್ಟು ಬಂದಿದ್ದೆವು. ಹೊತ್ತಾಯಿತು ಎಂದು ಎದ್ದೆವು. ಜುಮ್ಮಾ ನಮಾಜಿನ ಹೊತ್ತು. ಇಕ್ಕ ಮಸೀದಿಗೆ ಹೋಗಿದ್ದರಿಂದ ಅವರೇ ಕಾರು ತೆಗೆದು ನಮ್ಮನ್ನು ಬಿನ್ ಮಹಮೂದಿನವರೆಗೆ ಬಿಟ್ಟರು. ಖಾಲಿ ರಸ್ತೆಯಲ್ಲಿ ಅವರು ತನ್ನ ಅಜ್ಜನ ಊರಿನ ಹೆಸರನ್ನು ಹೇಳಿ, ಅಲ್ಲಿಗೆ ಈಗ ರೈಲು ಬರುವುದಿಲ್ಲ ಎಂದರು.